ಲಾರಿಯ ರೇಡಿಯೊ ಕೆಟ್ಟಿಲ್ಲ, ಅರ್ಥ್ ಕೊಟ್ಟಿಲ್ಲ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಹೋದ ವಾರ ನಿಮ್ಮ ಪತ್ರಿಕೆಯ ಓದುಗರ ಪತ್ರಗಳಲ್ಲಿ ಸೇಡಂ ಕಡೆಯ ಡ್ರೈವರ್ ಒಬ್ಬರು ಬರೆದದ್ದನ್ನು ಓದಿದೆ. ಅವರು 18 ಚಕ್ರದ ಟ್ರೇಲರ್‌ನಲ್ಲಿ ಸಿಮೆಂಟ್ ಹೊಡೆಯುತ್ತಾರೆ. ಹೊಸ ಗಾಡಿ, ಹೊಸ ಸ್ಟೀರಿಯೊ, ಹೊಸ ಆಂಟೆನಾ. ಆದರೂ ಕಲಬುರಗಿ ರಿಂಗ್ ರೋಡ್ ಬಿಟ್ಟು ಕಮಲಾಪುರ ಮುಟ್ಟುವಷ್ಟರಲ್ಲಿ ರೇಡಿಯೊದಲ್ಲಿ ಬರೀ ಗರಗರ. ಎಂಜಿನ್ ರೇಸ್ ಮಾಡಿದರೆ ಕುಂಯ್ ಎಂದು ಕೂಗುತ್ತದಂತೆ. ಆಕಾಶವಾಣಿಯವರು ಪವರ್ ಕಡಿಮೆ ಮಾಡಿದ್ದಾರೆ, ಡ್ರೈವರ್‌ಗಳನ್ನು ಕೇಳುವವರೇ ಇಲ್ಲ ಎಂದು ಅವರ ದೂರು.

ಅವರ ಬೇಸರ ನನಗೆ ಗೊತ್ತಾಗುತ್ತದೆ. ಆದರೆ ಉತ್ತರ ಅವರ ಪತ್ರದಲ್ಲೇ ಇದೆ. ಎಂಜಿನ್ ಜೋರು ಮಾಡಿದರೆ ಕೂಗೂ ಜೋರಾಗುತ್ತದೆ ಅಂದರೆ ಆ ಸಪ್ಪಳ ಸ್ಟೇಷನ್‌ನಿಂದ ಬರುತ್ತಿಲ್ಲ, ಗಾಡಿಯಲ್ಲೇ ಹುಟ್ಟುತ್ತಿದೆ. ಆಕಾಶವಾಣಿಯವರಿಗೆ ಇವರ ಎಕ್ಸಲೇಟರ್ ಎಲ್ಲಿಂದ ಸಿಗಬೇಕು, ಅಲ್ವಾ?

ನಾನು ಹುಮನಾಬಾದ್‌ನಲ್ಲಿ ಲಾರಿ ವೈರಿಂಗ್ ಕೆಲಸ ಮಾಡುವವನು. ಹೈದರಾಬಾದ್–ಸೋಲಾಪುರ ಹೆದ್ದಾರಿ 65, ಬೀದರ್–ಕಲಬುರಗಿ ಹೆದ್ದಾರಿ 50, ಎರಡೂ ನಮ್ಮ ಊರಲ್ಲೇ ಸೇರುತ್ತವೆ. ಹಾಗಾಗಿ ವಾಡಿ, ಸೇಡಂ, ಮಳಖೇಡದ ಸಿಮೆಂಟ್ ಗಾಡಿಗಳು, ಶಹಾಬಾದ್ ಫರ್ಸಿಯ ಗಾಡಿಗಳು, ಕಲಬುರಗಿಯ ತೊಗರಿ ಬೇಳೆ ಹೊತ್ತ ಗಾಡಿಗಳು ಎಲ್ಲ ನನ್ನ ಅಂಗಡಿ ಮುಂದಿನಿಂದಲೇ ಹೋಗುತ್ತವೆ. 1990ರಲ್ಲಿ ಕೆಲಸಕ್ಕೆ ಸೇರಿದೆ. ಸೆಲ್ಫ್, ಡೈನಮೊ, ಹೆಡ್‌ಲೈಟ್, ಹಾರ್ನ್ ಎಲ್ಲ ಮಾಡುತ್ತೇನೆ. ಆದರೆ ಮನಸ್ಸು ಹಿಡಿದ ಕೆಲಸ ಅಂದರೆ ರೇಡಿಯೊ, ಆಂಟೆನಾ. ಅದಕ್ಕೇ ಈ ಪತ್ರ ಸ್ವಲ್ಪ ಉದ್ದ ಆಗುತ್ತದೆ. ದಯವಿಟ್ಟು ಕತ್ತರಿಸಬೇಡಿ.

ಆ ಡ್ರೈವರ್ ಅಣ್ಣನ ಗಾಡಿಯನ್ನು ನಾನು ನೋಡಿಲ್ಲ. ಆದರೆ ಅಂಥ ಗಾಡಿಗಳನ್ನು ಬಹಳ ನೋಡಿದ್ದೇನೆ. ಜಾಸ್ತಿ ಗಾಡಿಗಳಲ್ಲಿ ಆಂಟೆನಾ ಚೆನ್ನಾಗಿಯೇ ಇರುತ್ತದೆ, ಸೆಟ್ಟೂ ಚೆನ್ನಾಗಿರುತ್ತದೆ. ಆಂಟೆನಾದ ಬುಡ ಮಾತ್ರ ಬಣ್ಣದ ಮೇಲೆ ಕೂತಿರುತ್ತದೆ. ಅಷ್ಟೇ ದೋಷ. ಬಣ್ಣದಲ್ಲಿ ಕರೆಂಟ್ ಹರಿಯುವುದಿಲ್ಲ. ಆಂಟೆನಾದ ಅರ್ಥ್ ಗಾಡಿಯ ಲೋಹಕ್ಕೆ ಮುಟ್ಟಿಲ್ಲ ಅಂದರೆ ಅರ್ಧ ಆಂಟೆನಾ ಇಲ್ಲ ಎಂದೇ ಲೆಕ್ಕ.

ಇದನ್ನು ಬಿಡಿಸಿ ಹೇಳಬೇಕು. ಕ್ಯಾಬಿನ್ ಮೇಲೆ ನಿಂತ ಕಡ್ಡಿಯೇ ಆಂಟೆನಾ ಎಂದು ಎಲ್ಲರೂ ತಿಳಿದಿದ್ದಾರೆ. ಅದು ಅರ್ಧ ಮಾತ್ರ. ಇನ್ನರ್ಧ ಕ್ಯಾಬಿನ್‌ನ ತಗಡು. ನಮ್ಮ ಮನೆಗಳಲ್ಲಿದ್ದ ಬೀಸುವ ಕಲ್ಲು ನೆನಪು ಮಾಡಿಕೊಳ್ಳಿ. ತಿರುಗುವುದು ಮೇಲಿನ ಕಲ್ಲು, ಕಣ್ಣಿಗೆ ಬೀಳುವುದೂ ಅದೇ. ಕೆಳಗಿನ ಕಲ್ಲು ಅಲ್ಲಾಡುವುದಿಲ್ಲ. ಆದರೆ ಅದಿಲ್ಲದೆ ಒಂದು ಕಾಳು ಜೋಳವೂ ಹಿಟ್ಟಾಗುವುದಿಲ್ಲ. ಆಂಟೆನಾ ಕಡ್ಡಿಗೆ ಕ್ಯಾಬಿನ್ನೇ ಕೆಳಗಿನ ಕಲ್ಲು. ಆಂಟೆನಾದಿಂದ ಸೆಟ್ಟಿಗೆ ಬರುವ ಕೇಬಲ್‌ನಲ್ಲೂ ಎರಡು ದಾರಿ ಇವೆ. ನಡುವಿನ ತಂತಿ ಕಡ್ಡಿಯದು, ಅದರ ಸುತ್ತ ಹೆಣೆದ ಜಾಳಿಗೆ ಬಾಡಿಯದು. ಆ ಜಾಳಿಗೆ ಮೇಲಿನ ತುದಿಯಲ್ಲಿ ಬಾಡಿಗೆ ಗಟ್ಟಿಯಾಗಿ ಮುಟ್ಟಿರಬೇಕು. ಮುಟ್ಟದಿದ್ದರೆ ಅದು ನಡುವಿನ ತಂತಿಯನ್ನು ಕಾಯುವ ಬದಲು ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್‌ನ ಸಪ್ಪಳವನ್ನು ತಾನೇ ಹಿಡಿದು ಸೆಟ್ಟಿಗೆ ಮುಟ್ಟಿಸುತ್ತದೆ.

ನನ್ನ ಉಸ್ತಾದರು ಇದನ್ನು ಪುಸ್ತಕ ಓದಿ ಕಲಿತವರಲ್ಲ. ಕೈಯಿಂದ ಕಲಿತವರು. ಆಂಟೆನಾ ಕೂರಿಸುವ ಜಾಗದಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಅಗಲ ಬಣ್ಣ ಕೆರೆಸುತ್ತಿದ್ದರು. ಮೊದಲು ಹಳೆ ಸ್ಕ್ರೂಡ್ರೈವರ್‌ನಿಂದ, ಆಮೇಲೆ ಪಾಲಿಶ್ ಪೇಪರ್‌ನಿಂದ. ಮೇಲೆ ಬಣ್ಣ, ಅದರ ಕೆಳಗೆ ಬೂದು ಬಣ್ಣದ ಪ್ರೈಮರ್, ಅದರ ಕೆಳಗೆ ಉಕ್ಕು. ನಾನು ಹುಡುಗ, ಪ್ರೈಮರ್‌ಗೆ ಬಂದ ಕೂಡಲೇ ಆಯಿತು ಎಂದು ಕೈ ಬಿಡುತ್ತಿದ್ದೆ. ಅವರು ಬಂದು ಹೆಬ್ಬೆರಳಿನಿಂದ ಉಜ್ಜಿ ನೋಡಿ, "ಇನ್ನೂ ಆಗಿಲ್ಲೋ. ಮೂಗುತಿ ಹೊಳದಂಗ ಹೊಳೀಬೇಕು" ಎನ್ನುತ್ತಿದ್ದರು. ಮತ್ತೆ ಉಜ್ಜಬೇಕು. ನಿಜವಾಗಿಯೂ ಒಂದು ಹಂತದಲ್ಲಿ ಆ ಜಾಗ ಬಿಸಿಲಿಗೆ ಮಿಂಚುತ್ತದೆ. ಆಗ ಹಲ್ಲಿನ ವಾಷರ್ ಹಾಕಿ ನಟ್ ಬಿಗಿ ಮಾಡಬೇಕು. ಆ ವಾಷರ್‌ನ ಹಲ್ಲು ಉಕ್ಕನ್ನು ಕಚ್ಚಿ ಹಿಡಿಯುತ್ತದೆ. ಕೊನೆಗೆ ಮೇಲಿಂದ ವ್ಯಾಸಲಿನ್ ಸವರಬೇಕು, ನೀರು ಕೂಡಬಾರದು ಅಂತ.

ಈಗ ಯಾರೂ ಹೀಗೆ ಕೆರೆಯುವುದಿಲ್ಲ. ಮಾಲೀಕರಿಗೆ ಹೊಸ ಗಾಡಿಯ ಬಣ್ಣ ಕೆರೆದರೆ ಹೊಟ್ಟೆ ಉರಿಯುತ್ತದೆ. ಹುಡುಗರಿಗೆ ಅಷ್ಟು ಹೊತ್ತು ಇಲ್ಲ. ಡ್ರಿಲ್ ಹೊಡೆದು, ಆಂಟೆನಾ ತೂರಿಸಿ, ನಟ್ ತಿರುಗಿಸಿ, "ಆಯ್ತ್ರಿ" ಎಂದು ಕಳಿಸುತ್ತಾರೆ. ಊರಲ್ಲಿ ಸ್ಟೇಷನ್ ಹತ್ತಿರ ಇರುತ್ತದೆ, ಆದ್ದರಿಂದ ರೇಡಿಯೊ ಚೆನ್ನಾಗಿಯೇ ಹಾಡುತ್ತದೆ. ಐವತ್ತು ಕಿಲೋಮೀಟರ್ ಹೋದ ಮೇಲೆ ನಿಜ ಬಯಲಾಗುತ್ತದೆ. ಅಷ್ಟು ಹೊತ್ತಿಗೆ ಡ್ರೈವರ್ ಬೇರೆ ಊರಲ್ಲಿರುತ್ತಾನೆ.

ಕಲಬುರಗಿ ಆಕಾಶವಾಣಿ 1966ರಲ್ಲಿ ಶುರುವಾದದ್ದು. ನಾನು ಕೆಲಸ ಕಲಿಯುವಾಗ ಪ್ರತಿ ಲಾರಿಯ ರೇಡಿಯೊದ ಮುಳ್ಳು ಮೀಡಿಯಂ ವೇವ್‌ನಲ್ಲಿ 1107 ಕಿಲೋಹರ್ಟ್ಜ್ ಹತ್ತಿರ ನಿಂತಿರುತ್ತಿತ್ತು. ಆ ಅಲೆಯ ಒಂದೊಂದು ಸುತ್ತು 271 ಮೀಟರ್ ಉದ್ದ. ನಮ್ಮ ಕ್ಯಾಬಿನ್ ಮೇಲಿನ ಕಡ್ಡಿ ಒಂದು ಮೀಟರ್. ಅಷ್ಟು ದೊಡ್ಡ ಅಲೆಯಿಂದ ಇಷ್ಟು ಚಿಕ್ಕ ಕಡ್ಡಿ ಎಷ್ಟು ಹಿಡಿದೀತು? ಹಿಡಿದದ್ದು ಸ್ವಲ್ಪ, ಅದರಲ್ಲಿ ಒಂದು ಹನಿಯೂ ಸೋರಬಾರದು. ಎಫ್‌ಎಂ ಹಾಗಲ್ಲ. 100 ಮೆಗಾಹರ್ಟ್ಜ್‌ನ ಅಲೆ ಮೂರು ಮೀಟರ್, ಅದರ ಕಾಲು ಭಾಗ 75 ಸೆಂಟಿಮೀಟರ್. ಕಡ್ಡಿಯ ಅಳತೆಗೆ ಅದು ಸರಿಹೊಂದುತ್ತದೆ. ಅದಕ್ಕೇ ಅರ್ಥ್ ಸರಿ ಇಲ್ಲದಿದ್ದರೂ ಊರೊಳಗೆ ಎಫ್‌ಎಂ ನಡೆದುಬಿಡುತ್ತದೆ, ಮೀಡಿಯಂ ವೇವ್ ನಡೆಯುವುದಿಲ್ಲ. ಜನ ಮೀಡಿಯಂ ವೇವ್ ಸತ್ತೇ ಹೋಯಿತು ಎಂದುಕೊಳ್ಳುತ್ತಾರೆ.

ಹೋದ ಬೇಸಿಗೆಯ ಒಂದು ಕೆಲಸ ಹೇಳುತ್ತೇನೆ. ಮಧ್ಯಾಹ್ನ ಒಂದು ಸಿಮೆಂಟ್ ಟ್ರೇಲರ್ ಬಂತು. ಡ್ರೈವರ್ ಚಿತ್ತಾಪುರ ಕಡೆಯವರು. ಆಂಟೆನಾ ಎಡಗಡೆ ಕನ್ನಡಿಯ ರಾಡಿಗೆ ಹಿಡಿಸಿತ್ತು. ಕನ್ನಡಿ ರಾಡ್ ಬಾಗಿಲಿಗೆ ಹಿಡಿದಿದೆ, ಬಾಗಿಲು ಕಬ್ಜಾಗಳ (ಹಿಂಜ್) ಮೇಲೆ ನಿಂತಿದೆ. ಕಬ್ಜಾದ ತುಂಬ ಗ್ರೀಸ್, ಗ್ರೀಸ್ ತುಂಬ ಸಿಮೆಂಟ್ ಪುಡಿ. ಮೀಟರ್ ಹಚ್ಚಿ ನೋಡಿದರೆ ಬಾಗಿಲಿಗೂ ಕ್ಯಾಬಿನ್‌ಗೂ ನಡುವೆ ಮುಳ್ಳು ಒಂದು ಕಡೆ ನಿಲ್ಲುತ್ತಿಲ್ಲ. ಬಾಗಿಲು ಅಲ್ಲಾಡಿಸಿದ ಹಾಗೆ ಓಡಾಡುತ್ತಿದೆ. ನಾನು ಒಂದು ಮೊಳ ವೈರ್ ತೆಗೆದುಕೊಂಡು ಒಂದು ತುದಿಯನ್ನು ಆಂಟೆನಾದ ಬುಡಕ್ಕೆ ಒತ್ತಿ ಹಿಡಿದೆ. ಇನ್ನೊಂದು ತುದಿಯನ್ನು ಬಾಗಿಲ ಚೌಕಟ್ಟಿನಲ್ಲಿ ಲಾಕ್ ಕೂಡುವ ಬರಿ ಉಕ್ಕಿಗೆ ಮುಟ್ಟಿಸಿದೆ. ಒಳಗೆ ಗರಗರ ಎನ್ನುತ್ತಿದ್ದ ರೇಡಿಯೊದಿಂದ ಹೆಣ್ಣುಮಗಳ ದನಿ ಸ್ಪಷ್ಟವಾಗಿ ಬಂತು. ವೈರ್ ತೆಗೆದೆ, ಮತ್ತೆ ಗರಗರ. ಮುಟ್ಟಿಸಿದೆ, ಮತ್ತೆ ದನಿ. ಡ್ರೈವರ್ ಕೆಳಗಿಳಿದು ಬಂದು, "ಉಸ್ತಾದ್, ಆ ವೈರ್ ನನ್ನ ಕೈಯಾಗ ಕೊಡ್ರಿ" ಎಂದು ತಾವೇ ಮೂರು ಸಲ ಮುಟ್ಟಿಸಿ ನೋಡಿದರು.

ಅದಕ್ಕೆ ಮಾಡಿದ ಕೆಲಸ ಇಷ್ಟೇ. ಬಾಗಿಲಿನಿಂದ ಕ್ಯಾಬಿನ್‌ಗೆ ಒಂದು ತಾಮ್ರದ ಹೆಣೆದ ಪಟ್ಟಿ, ಎರಡೂ ಕಡೆ ಬೋಲ್ಟಿಗೆ ಕೂರುವ ಥಿಂಬಲ್, ಎರಡೂ ಕಡೆ ಬಣ್ಣ ಕೆರೆದ ಜಾಗ. ಬಾಗಿಲು ಪೂರ್ತಿ ತೆರೆದರೂ ಜಗ್ಗದ ಹಾಗೆ ಸ್ವಲ್ಪ ಸಡಿಲ ಬಿಟ್ಟೆ. ಗುಂಡು ವೈರಿಗಿಂತ ಅಗಲದ ಪಟ್ಟಿ ಒಳ್ಳೆಯದು. ಬಾಗಿಲು ತೆರೆದು ಮುಚ್ಚಿ ಮಾಡಿದರೂ ಬೇಗ ಮುರಿಯುವುದಿಲ್ಲ, ರೇಡಿಯೊದ ಕೆಲಸಕ್ಕೂ ಅಗಲ ಇದ್ದಷ್ಟು ಅನುಕೂಲ.

ಇಂಥದೇ ಇನ್ನೊಂದು ಪಟ್ಟಿ ಕ್ಯಾಬಿನ್‌ನಿಂದ ಚಾಸಿಗೆ ಬೇಕು. ಕ್ಯಾಬಿನ್ ರಬ್ಬರ್ ಬುಶ್ ಮೇಲೆ ಕೂತಿರುತ್ತದೆ. ಎಂಜಿನ್ ಕೆಲಸಕ್ಕೆ ಅದನ್ನು ಮುಂದಕ್ಕೆ ಬಗ್ಗಿಸಿ ಎತ್ತುತ್ತಾರೆ. ಗಾಡಿ ಕಂಪನಿಯಿಂದ ಬರುವಾಗ ಈ ಪಟ್ಟಿ ಇರುತ್ತದೆ. ಎಲ್ಲೋ ಒಂದು ರಿಪೇರಿಯಲ್ಲಿ ಬಿಚ್ಚಿದವರು ತಿರುಗಿ ಹಾಕುವುದನ್ನು ಮರೆಯುತ್ತಾರೆ. ಇದನ್ನು ಪರೀಕ್ಷೆ ಮಾಡುವುದು ಸುಲಭ. ಹೆಡ್‌ಲೈಟ್ ಹಾಕಿ. ಮೀಟರ್‌ನ ಒಂದು ಕಡ್ಡಿ ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ಕ್ಯಾಬಿನ್‌ನ ಬರಿ ಉಕ್ಕಿಗೆ. ವೋಲ್ಟ್ ಸೊನ್ನೆಯ ಹತ್ತಿರವೇ ಇರಬೇಕು. 0.2 ದಾಟಿದರೆ ಎಲ್ಲೋ ಅರ್ಥ್ ಸಡಿಲ ಇದೆ ಎಂದು ನಾನು ಹುಡುಕಲು ಶುರು ಮಾಡುತ್ತೇನೆ. ಹಿಂದಿನ ಟ್ರೇಲರ್ ಬಾಡಿಯನ್ನು ಮಾತ್ರ ನಂಬಬೇಡಿ. ಹಾರ್ಸ್‌ಗೂ (ಎಂಜಿನ್, ಕ್ಯಾಬಿನ್ ಇರುವ ಮುಂದಿನ ಗಾಡಿ) ಟ್ರೇಲರ್‌ಗೂ ನಡುವೆ ಇರುವುದು ಗ್ರೀಸ್ ತುಂಬಿದ ತಟ್ಟೆ, ಎರಡನ್ನೂ ಜೋಡಿಸುವ ಒಂದು ಕಿಂಗ್‌ಪಿನ್, ಲೈಟಿನ ಕೇಬಲ್. ಆಂಟೆನಾ ಯಾವಾಗಲೂ ಹಾರ್ಸ್‌ನ ಮೇಲೇ ಇರಬೇಕು. ಕ್ಯಾಬಿನ್ ಮೇಲೆ ಗಾಳಿ ಸೀಳಲು ಕೂರಿಸುವ ಗೂಡು ಫೈಬರ್‌ನದು. ಅದಕ್ಕೆ ಆಂಟೆನಾ ಹಾಕಿದರೆ ಸುಮ್ನೆ ಪ್ಲಾಸ್ಟಿಕ್ ಬಕೆಟ್ಟಿಗೆ ಹಾಕಿದ ಹಾಗೆ. ಅಲ್ಲೇ ಹಾಕಬೇಕು ಎಂದರೆ ಒಳಗಡೆ ತಗಡು ಕೊಟ್ಟು, ಆ ತಗಡಿನಿಂದ ಕ್ಯಾಬಿನ್‌ನ ಉಕ್ಕಿಗೆ ಪಟ್ಟಿ ಎಳೆಯಬೇಕು.

ಅರ್ಥ್ ಎಂಬ ಮಾತಿನಿಂದಲೇ ಒಂದು ತಪ್ಪು ತಿಳುವಳಿಕೆ ಬೆಳೆದಿದೆ. ಪೆಟ್ರೋಲ್ ಟ್ಯಾಂಕರ್‌ಗಳಿಗೆ ಹಿಂದೆ ಸರಪಳಿ ನೇತಾಡುವುದನ್ನು ನೋಡಿ, ಕೆಲವು ಡ್ರೈವರ್‌ಗಳು ರೇಡಿಯೊ ಸಲುವಾಗಿ ತಮ್ಮ ಗಾಡಿಗೂ ಸರಪಳಿ ಕಟ್ಟುತ್ತಾರೆ. ಅದು ಬೇರೆ, ಇದು ಬೇರೆ. ಟ್ಯಾಂಕರ್‌ನ ಸರಪಳಿ ಎಣ್ಣೆ ಕುಲುಕಾಡಿ, ಗಾಳಿ ತಿಕ್ಕಿ ಹುಟ್ಟುವ ಸ್ಥಿರ ವಿದ್ಯುತ್ತನ್ನು ನೆಲಕ್ಕೆ ಇಳಿಸಲು. ಆಂಟೆನಾಕ್ಕೆ ನೆಲ ಬೇಕಿಲ್ಲ. ಮನೆಯಲ್ಲಿ ಗುಂಡಿ ತೋಡಿ ಇದ್ದಿಲು ಉಪ್ಪು ಹಾಕುತ್ತೇವಲ್ಲ, ಆ ಅರ್ಥಿಂಗ್ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಗಾಡಿ ನಿಂತಿರುವುದೇ ರಬ್ಬರ್ ಟಯರ್ ಮೇಲೆ. ಇಲ್ಲಿ ಅರ್ಥ್ ಅಂದರೆ ಗಾಡಿಯ ಮೈ.

ಇದೇ ಕಾರಣಕ್ಕೆ ಸಿಡಿಲಿನ ಬಗ್ಗೆಯೂ ಹೇಳಿಬಿಡುತ್ತೇನೆ. ಆಂಟೆನಾಕ್ಕೆ ಅರ್ಥ್ ಕೊಟ್ಟಿದ್ದೇವೆ, ಇನ್ನು ಸಿಡಿಲಿನ ಭಯ ಇಲ್ಲ ಎಂದು ಯಾರೂ ತಿಳಿಯಬಾರದು. ಗುಡುಗು ಶುರುವಾದರೆ ಗಿಡದ ಕೆಳಗೆ ಓಡಬೇಡಿ. ಕ್ಯಾಬಿನ್‌ನಲ್ಲಿ ಗಾಜು ಏರಿಸಿ ಕೂತಿರಿ. ಸೆಟ್ಟಿನ ಬಟನ್, ಬಾಗಿಲಿನ ಹಿಡಿ ಮುಟ್ಟಬೇಡಿ. ಉಕ್ಕಿನ ಕ್ಯಾಬಿನ್ ನಿಮ್ಮನ್ನು ಕಾಯುತ್ತದೆ. ಲಾರಿಯ ನೆರಳಿಗೆಂದು ಚಾಸಿ ಕೆಳಗೆ ಮಾತ್ರ ಮಲಗಬೇಡಿ.

ಇನ್ನು ನಾನು ಈ ಪತ್ರ ಬರೆಯಲು ಕೂತ ದೊಡ್ಡ ಕಾರಣ ಹೇಳಬೇಕು. ಅದು 24 ವೋಲ್ಟ್ ವಿಷಯ.

ನಮ್ಮ ದೊಡ್ಡ ಗಾಡಿಗಳು ಜಾಸ್ತಿ 24 ವೋಲ್ಟ್. 12ರ ಎರಡು ಬ್ಯಾಟರಿ ಒಂದರ ಹಿಂದೆ ಒಂದು ಜೋಡಿಸಿರುತ್ತಾರೆ. ಅಂಗಡಿಯಲ್ಲಿ ಸಿಗುವ ಸ್ಟೀರಿಯೊ ಜಾಸ್ತಿ ಕಾರಿನವು, 12 ವೋಲ್ಟ್. ಸರಿಯಾದ ದಾರಿ ಅಂದರೆ 24ರಿಂದ 12 ಮಾಡುವ ಕನ್ವರ್ಟರ್ ಹಾಕುವುದು. ಅದರ ದುಡ್ಡು ಉಳಿಸಲು ಕೆಲವರು ಎರಡು ಬ್ಯಾಟರಿಗಳ ನಡುವಿನ ಕೊಂಡಿಯಿಂದಲೇ ವೈರ್ ಎಳೆದುಬಿಡುತ್ತಾರೆ.

ಎರಡು ವರ್ಷದ ಹಿಂದೆ ಒಂದು ರಾತ್ರಿ ಒಂಬತ್ತರ ಮೇಲೆ ಒಬ್ಬ ಡ್ರೈವರ್ ಅಂಗಡಿಯ ಶಟರ್ ಬಡಿದರು. ಸೋಲಾಪುರ ಕಡೆಯಿಂದ ಬರುತ್ತಿದ್ದವರು. ರಾಜೇಶ್ವರ ದಾಟಿದ ಮೇಲೆ ಕ್ಯಾಬಿನ್‌ನಲ್ಲಿ ವೈರ್ ಸುಟ್ಟ ವಾಸನೆ ಬಂದಿದೆ. ಗಾಡಿ ಬದಿಗೆ ಹಾಕಿ ನೋಡಿದರೆ ತಲೆಯ ಮೇಲಿನ ಛಾವಣಿಯ ಬಟ್ಟೆಯಿಂದ ಹೊಗೆ. ಬ್ಯಾಟರಿ ಕಟ್-ಆಫ್ ತಿರುಗಿಸಿದರು, ಅದೊಂದು ಒಳ್ಳೆಯದಾಯಿತು. ಕ್ಲೀನರ್ ಹುಡುಗ ಹಿಂದಿನ ಬರ್ತ್‌ನಲ್ಲಿ ಮಲಗಿದ್ದ. ಹದಿನೆಂಟೋ ಹತ್ತೊಂಬತ್ತೋ ಇರಬೇಕು. ನನ್ನ ಅಂಗಡಿಗೆ ಬಂದಾಗಲೂ ಅವನ ಕೈ ನಡುಗುತ್ತಿತ್ತು. ನಾನು ಬಟ್ಟೆ ಬಿಚ್ಚಿ ನೋಡಿದೆ. ಆಂಟೆನಾ ಕೇಬಲ್‌ನ ಮೇಲಿನ ಕಪ್ಪು ಪ್ಲಾಸ್ಟಿಕ್ ಬೆಲ್ಲದ ಪಾಕದ ಹಾಗೆ ಕರಗಿ ಇಳಿದಿತ್ತು. ಒಳಗಿನ ಜಾಳಿಗೆ ನೀಲಿ ಬಣ್ಣಕ್ಕೆ ತಿರುಗಿತ್ತು. ಛಾವಣಿಯ ಬಟ್ಟೆ ಅಂಗೈ ಅಗಲ ಸುಟ್ಟಿತ್ತು. ಸ್ಟೀರಿಯೊದ ಫ್ಯೂಸ್ ಮಾತ್ರ ಹಾಗೇ ಇತ್ತು, ಸುಟ್ಟಿರಲಿಲ್ಲ.

ಆಂಟೆನಾ ಕೇಬಲ್‌ನಲ್ಲಿ ಬೆಂಕಿ ಹೇಗೆ ಬಂತು? ಅದರಲ್ಲಿ ಕರೆಂಟೇ ಇರುವುದಿಲ್ಲವಲ್ಲ ಎಂದು ಡ್ರೈವರ್ ಕೇಳಿದರು. ಬ್ಯಾಟರಿ ಪೆಟ್ಟಿಗೆ ತೆರೆದು ಅವರಿಗೆ ತೋರಿಸಿದೆ. ವೈರ್ ಹಾಕಿದವನು ಸ್ಟೀರಿಯೊದ ಕಪ್ಪು ವೈರನ್ನು ನಡುವಿನ ಕೊಂಡಿಗೆ ಹಾಕಿದ್ದ, ಕೆಂಪನ್ನು 24ಕ್ಕೆ. ಲೆಕ್ಕಕ್ಕೆ ಸೆಟ್ಟಿಗೆ 12 ವೋಲ್ಟೇ ಸಿಕ್ಕಿತು. ಸೆಟ್ಟು ಹಾಡಿತು. ಆದರೆ ಸೆಟ್ಟಿನ ಲೋಹದ ಡಬ್ಬಿ ಕಪ್ಪು ವೈರಿಗೆ ಕೂಡಿರುತ್ತದೆ. ಆಂಟೆನಾ ಕೇಬಲ್‌ನ ಜಾಳಿಗೆ ಆ ಡಬ್ಬಿಗೆ ಕೂಡಿರುತ್ತದೆ. ಜಾಳಿಗೆಯ ಇನ್ನೊಂದು ತುದಿ ಕ್ಯಾಬಿನ್‌ನ ಬಾಡಿಗೆ. ಅಂದರೆ ಕೆಳಗಿನ ಬ್ಯಾಟರಿಯ ಪೂರ್ತಿ 12 ವೋಲ್ಟ್ ಈ ತೆಳ್ಳನೆ ಜಾಳಿಗೆಯ ಮೂಲಕ ಬಾಡಿಗೆ ನೇರ ಶಾರ್ಟ್. ಫ್ಯೂಸ್ ಇರುವುದು ಕೆಂಪು ವೈರಿನಲ್ಲಿ. ಕರೆಂಟ್ ಓಡಿದ್ದು ಕಪ್ಪು ವೈರಿನಲ್ಲಿ. ಫ್ಯೂಸ್‌ಗೆ ಈ ವಿಷಯ ಗೊತ್ತೇ ಆಗಲಿಲ್ಲ.

ಹಾಗಾದರೆ ಹಾಕಿದ ದಿನವೇ ಯಾಕೆ ಸುಡಲಿಲ್ಲ? ಸೆಟ್ಟು ಹಾಕಿಸಿ ಎರಡು ತಿಂಗಳಾಗಿತ್ತಂತೆ. ನಾನು ಆಂಟೆನಾ ನಟ್ ಬಿಚ್ಚಿದೆ. ಕೆಳಗೆ ಬಣ್ಣ ಕೆರೆದಿರಲಿಲ್ಲ. ಎರಡು ತಿಂಗಳು ಆ ಬಣ್ಣವೇ ಅವರನ್ನು ಉಳಿಸಿತ್ತು. ಕುಲುಕಾಟಕ್ಕೆ ನಟ್ಟಿನ ಅಂಚು ಬಣ್ಣವನ್ನು ಸವೆಸುತ್ತ ಸವೆಸುತ್ತ ಆ ರಾತ್ರಿ ಉಕ್ಕಿಗೆ ಮುಟ್ಟಿತು. ಅಲ್ಲಿ ಕೂದಲೆಳೆಯಷ್ಟು ಒಂದು ಹೊಳೆಯುವ ಗೆರೆ ಇತ್ತು. ಟಾರ್ಚ್ ಬೆಳಕು ಬಿಟ್ಟು ಅದನ್ನು ಅವರಿಗೆ ತೋರಿಸಿದೆ. ಅವರು ಏನೂ ಮಾತಾಡಲಿಲ್ಲ. ಹೋಗಿ ಹುಡುಗನಿಗೆ ಚಹಾ ಕೊಡಿಸಿಕೊಂಡು ಬಂದರು.

ಆ ಕೆಲಸ ಮಾಡಿದವರು ಯಾರು, ಎಲ್ಲಿಯವರು ಎಂದು ನಾನು ಬರೆಯುವುದಿಲ್ಲ. ಅವರ ಹೆಸರಿನಿಂದ ಯಾರಿಗೂ ಉಪಯೋಗ ಇಲ್ಲ. ಗಾಡಿ ಮಾಲೀಕರು ತಮ್ಮ ಬ್ಯಾಟರಿ ಪೆಟ್ಟಿಗೆ ತೆರೆದು ನೋಡಿದರೆ ಉಪಯೋಗ ಇದೆ. ನಡುವಿನ ಕೊಂಡಿಗೆ ಒಂದು ತೆಳ್ಳನೆ ವೈರ್ ಕಂಡರೆ ಅವತ್ತೇ ತೆಗೆಸಿ. ಸ್ಟೀರಿಯೊದ ಕೆಂಪನ್ನು ನಡುವಿಗೆ, ಕಪ್ಪನ್ನು ಬಾಡಿಗೆ ಹಾಕಿದ್ದರೆ ಬೆಂಕಿಯ ಭಯ ಅಷ್ಟಿಲ್ಲ. ಆದರೆ ಒಂದೇ ಬ್ಯಾಟರಿಯಿಂದ ದಿನವೂ ಕರೆಂಟ್ ಖರ್ಚಾಗುತ್ತದೆ. ಅದು ಇಳಿಯುತ್ತ ಹೋಗುತ್ತದೆ, ಇನ್ನೊಂದಕ್ಕೆ ಜಾಸ್ತಿ ಚಾರ್ಜ್ ಆಗಿ ನೀರು ಕುದಿಯುತ್ತದೆ. ಕೊನೆಗೆ ಎರಡೂ ಹೋಗುತ್ತವೆ. ಒಂದು ಕನ್ವರ್ಟರ್ ದುಡ್ಡು ಉಳಿಸಿ ಎರಡು ಬ್ಯಾಟರಿ ಕಳೆದುಕೊಂಡವರನ್ನು ನಾನು ಕಂಡಿದ್ದೇನೆ.

ಕನ್ವರ್ಟರ್ ಕೊಳ್ಳುವಾಗಲೂ ಅಗ್ಗದ್ದು ಬೇಡ. ಅಗ್ಗದ್ದರಲ್ಲಿ ಫಿಲ್ಟರ್ ಇರುವುದಿಲ್ಲ, ಮೀಡಿಯಂ ವೇವ್ ತುಂಬ ಸೀಟಿ ಹೊಡೆಯುತ್ತದೆ. ಆಂಟೆನಾ ಕೇಬಲ್‌ನಿಂದ ದೂರ ಇಡಿ. ಕೆಂಪು ವೈರಿಗೆ ಬ್ಯಾಟರಿಯ ಹತ್ತಿರವೇ ಫ್ಯೂಸ್ ಕೊಡಿ. ಆಂಟೆನಾ ಕೇಬಲನ್ನು ಹೆಡ್‌ಲೈಟ್, ವೈಪರ್ ವೈರುಗಳ ಜೊತೆ ಒಂದೇ ಕಟ್ಟಾಗಿ ಕಟ್ಟಬೇಡಿ. ತಗಡಿನ ತೂತಿನಲ್ಲಿ ಹೋಗುವ ಕಡೆ ರಬ್ಬರ್ ಬುಶ್ ಹಾಕಿ. ನಮ್ಮ ಕಡೆ ಬೇಸಿಗೆಯಲ್ಲಿ ಕ್ಯಾಬಿನ್‌ನ ತಗಡು ಮುಟ್ಟಲಾಗದಷ್ಟು ಕಾಯುತ್ತದೆ. ಒಂದೆರಡು ಬೇಸಿಗೆ ಕಂಡ ಅಗ್ಗದ ಕೇಬಲ್ ಬೆರಳಿಂದ ಬಗ್ಗಿಸಿದರೆ ಹಪ್ಪಳದ ಹಾಗೆ ಒಡೆಯುತ್ತದೆ.

ಸಪ್ಪಳ ಎಲ್ಲಿಂದ ಬರುತ್ತಿದೆ ಎಂದು ಡ್ರೈವರ್‌ಗಳೇ ಹುಡುಕಬಹುದು. ಮೀಟರೂ ಬೇಡ. ಊರಾಚೆ, ಕರೆಂಟ್ ಕಂಬಗಳಿಂದ ದೂರ ಗಾಡಿ ನಿಲ್ಲಿಸಿ. ಎಂಜಿನ್ ಬಂದ್ ಮಾಡಿ ರೇಡಿಯೊ ಒಂದೇ ಹಚ್ಚಿ ಕೇಳಿ. ಚೆನ್ನಾಗಿದ್ದರೆ ಸ್ಟೇಷನ್ ಸರಿ ಇದೆ, ಸೆಟ್ ಸರಿ ಇದೆ. ಈಗ ಮೊಬೈಲ್ ಚಾರ್ಜರ್ ಸಿಕ್ಕಿಸಿ. ಆಮೇಲೆ ಡೆಕೋರೇಷನ್ ಲೈಟ್ ಹಾಕಿ. ಈಗಿನ ಎಲ್‌ಇಡಿ ಪಟ್ಟಿಗಳು ಬಹಳ ಕೆಟ್ಟ ಸಪ್ಪಳ ಮಾಡುತ್ತವೆ. ಅವನ್ನು ಪ್ರೀತಿಯಿಂದ ಹಾಕಿಸಿರುತ್ತಾರೆ, ನನಗೂ ಹೇಳಲು ಸಂಕಟ. ಕೊನೆಗೆ ಎಂಜಿನ್ ಚಾಲೂ ಮಾಡಿ. ಯಾವುದು ಹಚ್ಚಿದಾಗ ದನಿ ಕೆಟ್ಟಿತೋ ಕಳ್ಳ ಅಲ್ಲೇ ಇದ್ದಾನೆ.

ಈ ನಡುವೆ ಹುಡುಗರು ಮೊಬೈಲ್‌ನಲ್ಲಿ ಅಮೆರಿಕದ ಲಾರಿಗಳ ವಿಡಿಯೊ ತೋರಿಸಿ, ಎರಡೂ ಕನ್ನಡಿಗೆ ಎರಡು ಉದ್ದನೆ ಆಂಟೆನಾ ಹಾಕಿ ಕೊಡಿ ಎಂದು ಬರುತ್ತಾರೆ. ಅಲ್ಲಿಯ ಡ್ರೈವರ್‌ಗಳು 27 ಮೆಗಾಹರ್ಟ್ಜ್‌ನ ಸಿಬಿ ರೇಡಿಯೊದಲ್ಲಿ ಒಬ್ಬರಿಗೊಬ್ಬರು ಮಾತಾಡುತ್ತಾರೆ. 40 ಚಾನೆಲ್ ಇವೆ. ಹೆದ್ದಾರಿಯಲ್ಲಿ ಜಾಸ್ತಿ ಬಳಕೆ 19ನೇ ಚಾನೆಲ್. ಆ ಅಲೆ 11 ಮೀಟರ್. ಕಾಲು ಭಾಗ ಅಂದರೂ ಸುಮಾರು 9 ಅಡಿ. ಎರಡು ಆಂಟೆನಾ ಹಾಕಿದರೆ ಅವುಗಳ ನಡುವೆಯೂ ಅಷ್ಟೇ ಅಂತರ ಇದ್ದರೆ ಒಳ್ಳೆಯದು. ನಮ್ಮ ಕ್ಯಾಬಿನ್ ಅಗಲ ಅಷ್ಟಿಲ್ಲ. ಅಲ್ಲಿಯ ಗಾಡಿಗಳು 12 ವೋಲ್ಟ್, ನಮ್ಮವು 24. ಅವರ ಸೆಟ್ ತಂದು ಇಲ್ಲಿ ನೇರ ಹಚ್ಚಿದರೆ ಸುಟ್ಟೇ ಹೋಗುತ್ತದೆ. ಅದಕ್ಕಿಂತ ದೊಡ್ಡ ಮಾತು, ಮಾತು ಕಳಿಸುವ ರೇಡಿಯೊಗೆ ನಮ್ಮಲ್ಲಿ ದೂರಸಂಪರ್ಕ ಇಲಾಖೆಯ ನಿಯಮಗಳಿವೆ. ಸಿಕ್ಕ ಸಿಕ್ಕ ವಾಕಿ-ಟಾಕಿ ತರಿಸಿ ಗಾಡಿಗೆ ಹಾಕುವಂತಿಲ್ಲ. ನಿಜವಾಗಿ ಆಸೆ ಇದ್ದರೆ ಹವ್ಯಾಸಕ್ಕೆಂದು ಮಾತಾಡುವ ಹ್ಯಾಮ್ ರೇಡಿಯೊದ ಪರೀಕ್ಷೆ ಬರೆಯಿರಿ. 12 ವರ್ಷ ತುಂಬಿದ ಯಾರೂ ಬರೆಯಬಹುದು. ಆದರೆ ಅದನ್ನು ಬಾಡಿಗೆ, ಲೋಡು ಎಂದು ವ್ಯಾಪಾರದ ಮಾತಿಗೆ ಬಳಸಬಾರದು. ಆ ಹುಡುಗರಿಗೆ ಇನ್ನೊಂದು ಹೇಳುತ್ತೇನೆ. ಕೇಳುವ ರೇಡಿಯೊಗೆ ಅರ್ಥ್ ಇಲ್ಲದಿದ್ದರೆ ಬರೀ ಗರಗರ. ಮಾತು ಕಳಿಸುವ ರೇಡಿಯೊಗೆ ಇಲ್ಲದಿದ್ದರೆ ಹೊರಗೆ ಹೋಗಬೇಕಾದ ಪವರ್ ತಿರುಗಿ ಬಂದು ಸೆಟ್ಟನ್ನೇ ಸುಡಬಹುದು.

ಮೊಬೈಲ್ ಇರುವಾಗ ರೇಡಿಯೊಕ್ಕೆ ಇಷ್ಟು ಕಷ್ಟ ಯಾಕೆ ಎಂದು ನಿಮ್ಮ ಓದುಗರು ಕೇಳಬಹುದು. ನನ್ನ ಅಪ್ಪ ಲಾರಿ ಡ್ರೈವರ್ ಆಗಿದ್ದರು. 1993ರ ಸೆಪ್ಟೆಂಬರ್ 30, ಗಣಪತಿ ಕಳಿಸಿ ಮಲಗಿದ್ದ ರಾತ್ರಿ. ಬೆಳಗಿನ ಜಾವ ನಾಲ್ಕಕ್ಕೆ ಸ್ವಲ್ಪ ಮುಂಚೆ ಹುಮನಾಬಾದ್‌ನಲ್ಲಿ ನಮ್ಮ ಮನೆಯ ಪಾತ್ರೆಗಳು ಸಪ್ಪಳ ಮಾಡಿದವು, ಎಲ್ಲರೂ ಓಣಿಗೆ ಬಂದೆವು. ಅಪ್ಪ ಆಗ ಸೋಲಾಪುರ ರಸ್ತೆಯ ಒಂದು ಢಾಬಾದಲ್ಲಿ ಗಾಡಿ ನಿಲ್ಲಿಸಿಕೊಂಡು ಮಲಗಿದ್ದರು. ಮಹಾರಾಷ್ಟ್ರದ ಉಮರ್ಗಾದಲ್ಲಿ ನಮ್ಮ ಅತ್ತೆಯ ಮನೆ ಇತ್ತು. ಏನಾಗಿದೆ, ಎಲ್ಲಿ ಆಗಿದೆ ಯಾರಿಗೂ ತಿಳಿಯದು. ಅಪ್ಪನ ಗಾಡಿಯ ರೇಡಿಯೊ ಉಸ್ತಾದರು ಹಾಕಿದ್ದು. ಬೆಳಗಾದ ಮೇಲೆ ಉಮರ್ಗಾ ಹತ್ತಿರದ ಕಿಲ್ಲಾರಿಯಲ್ಲಿ ಭೂಕಂಪ ಆದ ಸುದ್ದಿ ಅದರಲ್ಲೇ ಬಂತು. ಹತ್ತು ಹನ್ನೆರಡು ಮಂದಿ ಡ್ರೈವರ್‌ಗಳು, ಕ್ಲೀನರ್‌ಗಳು, ಢಾಬಾದವರು ಅಪ್ಪನ ಗಾಡಿಯ ತೆರೆದ ಬಾಗಿಲಿಗೆ ತಲೆ ಕೊಟ್ಟು ನಿಂತು ಕೇಳಿದರಂತೆ. ಅಪ್ಪ ಗಾಡಿಯನ್ನು ಉಮರ್ಗಾ ಕಡೆ ತಿರುಗಿಸಿದರು. ಅತ್ತೆಯ ಮನೆಯವರು ಬದುಕಿದ್ದರು. ಗೋಡೆ ಬಿದ್ದಿತ್ತು. ಅವರನ್ನು ಕರೆದುಕೊಂಡು ಮರುದಿನ ಮನೆಗೆ ಬಂದರು. ಆವತ್ತಿನಿಂದ ಆಂಟೆನಾ ಕೆಲಸವನ್ನು ನಾನು ಹಗುರವಾಗಿ ನೋಡಿಲ್ಲ.

ಈಗಲೂ ಹಾಗೇ. 2020ರ ಅಕ್ಟೋಬರ್‌ನಲ್ಲಿ ಭೀಮಾ ನದಿ ಉಕ್ಕಿ ಕಲಬುರಗಿ ಜಿಲ್ಲೆಯ ಹಳ್ಳಿಗಳಿಗೆ ನೀರು ನುಗ್ಗಿತು. ಯಾವ ರಸ್ತೆ ತೆರೆದಿದೆ, ಯಾವುದು ಮುಚ್ಚಿದೆ ಎಂದು ಡ್ರೈವರ್‌ಗಳು ನನ್ನ ಅಂಗಡಿಗೆ ಬಂದು ಕೇಳುತ್ತಿದ್ದರು. ಸ್ಟೀರಿಂಗ್ ಹಿಡಿದವನು ಮೊಬೈಲ್ ನೋಡಬಾರದು. ರೇಡಿಯೊ ಕೇಳಬಹುದು. ರಸ್ತೆಯ ಮೇಲಿನ ಕಣ್ಣು ಕದಲುವುದಿಲ್ಲ.

ನಮ್ಮ ಜಿಲ್ಲೆಗಳ ಬಾಡಿ ಕಟ್ಟುವ ಗ್ಯಾರೇಜಿನವರಿಗೆ ಒಂದು ಕೋರಿಕೆ ಇದೆ. ಕ್ಯಾಬಿನ್‌ಗೆ ಬಣ್ಣ ಹೊಡೆಯುವ ಮೊದಲು ಛಾವಣಿಯ ಎಡಗಡೆ ಮೂಲೆಯಲ್ಲಿ ಒಂದು ಬೋಲ್ಟ್ ವೆಲ್ಡ್ ಮಾಡಿ, ಅದರ ಸುತ್ತ ಟೇಪ್ ಸುತ್ತಿ ಬಣ್ಣ ಹೊಡೆಯಿರಿ. ಹತ್ತು ನಿಮಿಷದ ಕೆಲಸ. ಆಮೇಲೆ ಯಾರು ಆಂಟೆನಾ ಹಾಕಿದರೂ ಅರ್ಥ್ ತಾನಾಗಿ ಸಿಗುತ್ತದೆ, ಹೊಸ ಬಣ್ಣ ಕೆರೆಯುವುದೂ ತಪ್ಪುತ್ತದೆ. ಐಟಿಐನಲ್ಲಿ ಕಲಿಸುವ ಮೇಷ್ಟ್ರುಗಳು ಹುಡುಗರಿಗೆ ಎರಡು ಬ್ಯಾಟರಿ, ಒಂದು ಸ್ಟೀರಿಯೊ, ಒಂದು ಆಂಟೆನಾ ಇಟ್ಟು ಆ ಜಾಳಿಗೆಯ ದಾರಿಯನ್ನು ಒಂದು ಮಧ್ಯಾಹ್ನ ತೋರಿಸಿದರೆ ಸಾಕು. ಕರೆದರೆ ನಾನೇ ಬಂದು ತೋರಿಸುತ್ತೇನೆ. ಆ ಸುಟ್ಟ ಕೇಬಲ್ ತುಂಡು ನನ್ನ ಹತ್ತಿರ ಇನ್ನೂ ಇದೆ.

ಸೇಡಂನ ಡ್ರೈವರ್ ಅಣ್ಣನಿಗೆ: ಮುಂದಿನ ಲೋಡು ಈ ಕಡೆ ಬಂದಾಗ ಹುಮನಾಬಾದ್‌ನಲ್ಲಿ ಅರ್ಧ ತಾಸು ನಿಲ್ಲಿ. ಬರುವ ಮೊದಲು ಬ್ಯಾಟರಿ ಪೆಟ್ಟಿಗೆ ಒಂದು ಸಲ ತೆರೆದು ನೋಡಿ. ನಡುವಿನ ಕೊಂಡಿಯಲ್ಲಿ ವೈರ್ ಇದ್ದರೆ ರೇಡಿಯೊ ಹಚ್ಚಬೇಡಿ, ವೈರ್ ಬಿಚ್ಚಿಸಿಕೊಂಡೇ ಬನ್ನಿ. ಪಾಲಿಶ್ ಪೇಪರ್ ನನ್ನ ಹತ್ತಿರ ಇದೆ.

ಇಂತಿ ನಮಸ್ಕಾರಗಳೊಂದಿಗೆ,
ಒಬ್ಬ ಲಾರಿ ವೈರಿಂಗ್ ಮಿಸ್ತ್ರಿ
ಹುಮನಾಬಾದ್, ಬೀದರ್ ಜಿಲ್ಲೆ